ಕೋಚಮ್ಮನ ಸರದಿ ಮನೆ

ಮೂವತ್ತು ವರ್ಷ ಜನರ ಸೊಂಟ ಅಳೆದವನಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದಾದರೂ ಹೇಗೆ? ಟೇಪು ಸುತ್ತಿದ ಕೂಡಲೇ ಎಲ್ಲರೂ ಉಸಿರು ಹಿಡಿಯುತ್ತಾರೆ. ಹೊಟ್ಟೆ ಒಳಗೆ ಹೋಗುತ್ತದೆ, ಎದೆ ಮುಂದೆ ಬರುತ್ತದೆ, ಮುಖ ಮಾತ್ರ ಏನೂ ಅರಿಯದ ಮಗುವಿನದು. ಅವರ ಮುಖಕ್ಕೆ ಟೈಲರ್ ಎದುರಾಡಿದವನಲ್ಲ. ಅವರು ಹೇಳಿದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು, ಬಟ್ಟೆಯಲ್ಲಿ ಸುಮ್ಮನೆ ಒಂದಿಂಚು ಜಾಸ್ತಿ ಒಳಗೆ ಮಡಚಿ ಹೊಲಿಯುತ್ತಿದ್ದ. ಎರಡು ತಿಂಗಳಿಗೆ ಅದೇ ಗಿರಾಕಿ ಬಂದು, "ಯಾಕೋ ಬಿಗಿ ಆಗ್ತಿದೆ, ಬಟ್ಟೆ ಕುಗ್ಗಿರ್ಬೇಕು" ಅನ್ನುತ್ತಿದ್ದ. "ಹೂಂ, ಬಟ್ಟೇದೇ ತಪ್ಪು" ಎಂದು ಇವನು ಹೊಲಿಗೆ ಬಿಚ್ಚುತ್ತಿದ್ದ. ಹೀಗೆ ಬದುಕಿದವನು ಲೋಕದಲ್ಲಿ ಎಲ್ಲರೂ ಉಸಿರು ಹಿಡಿದುಕೊಂಡೇ ಓಡಾಡುತ್ತಾರೆ ಎಂದು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಂಥವನ ಮನೆಗೆ ಕೋಚಮ್ಮ ಬಂದಳು.

ಹೈಸ್ಕೂಲಿನ ಹುಡುಗಿಯರ ಫುಟ್ಬಾಲ್ ತಂಡಕ್ಕೆ ಆಕೆಯೇ ಕೋಚ್. ನಲವತ್ತರ ಆಸುಪಾಸಿನ ಹೆಂಗಸು, ಒಂಟಿ, ಕೊರಳಲ್ಲಿ ಸದಾ ಒಂದು ಸೀಟಿ. ಶಾಲೆ ಕೊಡುತ್ತಿದ್ದ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಊಟವಿಲ್ಲ, ಊಟ ಮಾಡಿದರೆ ಬಾಡಿಗೆಯಿಲ್ಲ. ಹಾಗಾಗಿ ಆಟಗಾರ್ತಿಯರ ತಂದೆತಾಯಿಯರು ಸಭೆ ಸೇರಿ ಒಂದು ಏರ್ಪಾಡು ಮಾಡಿದ್ದರು. ತಿಂಗಳಿಗೊಂದು ಮನೆ, ಸರದಿಯ ಮೇಲೆ. ಆ ತಿಂಗಳು ಆಕೆಗೆ ಮಲಗಲು ಜಾಗ, ಎರಡು ಹೊತ್ತು ಊಟ, ಬಟ್ಟೆ ಒಗೆತ ಎಲ್ಲವೂ ಆ ಮನೆಯದೇ. ಅಂದು ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಟೈಲರ್ ಕೂಡ ತಟ್ಟಿದ್ದ, ಆಮೇಲೆ ಮನೆ ಚಿಕ್ಕದು ಎಂದು ಹೇಳಿ ಎರಡು ವರ್ಷ ತನ್ನ ಸರದಿಯನ್ನು ಮುಂದೂಡುತ್ತ ಬಂದಿದ್ದ.

ಈ ತಿಂಗಳು ನಿಜವಾಗಿ ಕಟಿಂಗ್ ಶಾಪಿನವನ ಸರದಿ. ಅವನೇ ಬಂದು ಕೈ ಹಿಡಿದುಕೊಂಡ. "ಅಣ್ಣಾ, ಮನೆ ಛಾವಣಿ ರಿಪೇರಿ ಹಿಡಿಸಿದೀನಿ. ಈ ತಿಂಗಳು ನೀವು ಇಟ್ಕೊಳ್ಳಿ, ಮುಂದಿನ ತಿಂಗಳು ನಾನು ನೋಡ್ಕೋತೀನಿ. ನಮ್ಮಿಬ್ಬರ ಮಕ್ಕಳೂ ಗೋಲ್ ಕೀಪರ್‌ಗಳು, ನಾವೇ ಒಬ್ಬರಿಗೊಬ್ಬರು ಆಗದಿದ್ರೆ ಹೆಂಗೆ?" ಟೈಲರ್ ಒಪ್ಪಿಕೊಂಡ. ಒಪ್ಪಿಕೊಂಡದ್ದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು ಅನ್ನಿ. ತಿಂಗಳ ಕೊನೆಯ ಭಾನುವಾರ ಫೈನಲ್. ಕ್ರೀಡಾ ಇಲಾಖೆಯ ಮೇಲಿನವರು ಆಯ್ಕೆಗೆ ಬರುತ್ತಾರೆ, ಒಬ್ಬ ಗೋಲ್ ಕೀಪರನ್ನು ಆರಿಸಿ ಹಾಸ್ಟೆಲ್ಲಿನಲ್ಲಿಟ್ಟು ಫೀಸಿಲ್ಲದೆ ಓದಿಸುತ್ತಾರೆ. ಮಗಳಿಗೆ ಇದು ಹೈಸ್ಕೂಲಿನ ಕೊನೆಯ ವರ್ಷ. ಇಂಥ ಹೊತ್ತಿನಲ್ಲಿ ಕೋಚಮ್ಮ ತನ್ನ ಮನೆಯಲ್ಲೇ ಉಣ್ಣುತ್ತಿದ್ದರೆ ಕೆಟ್ಟದ್ದೇನು? ಮೊದಲ ದಿನವೇ ಹೆಂಡತಿಗೆ ಹೇಳಿದ, "ಅವರ ತಟ್ಟೆಗೆ ದಿನಾ ಒಂದು ಮೊಟ್ಟೆ ಹಾಕು."

ಮೊಟ್ಟೆ ಹೋಯಿತು, ಫಲ ಬರಲಿಲ್ಲ. ಮೊದಲ ಭಾನುವಾರದ ಪಂದ್ಯದಲ್ಲಿ ಮಗಳು ಬೆಂಚಿನ ಮೇಲೆ ಕೂತಿದ್ದಳು. ಗೋಲಿನಲ್ಲಿ ಕಟಿಂಗ್ ಶಾಪಿನವನ ಮಗಳು. ಎರಡನೆಯ ಭಾನುವಾರವೂ ಅದೇ ಕಥೆ. "ಯಾಕಮ್ಮಾ?" ಅಂದರೆ ಮಗಳು, "ಭುಜ ನೋವು ಅಪ್ಪ" ಎಂದು ತಲೆ ತಗ್ಗಿಸಿದಳು. ಭುಜ ನೋವಿದ್ದವಳು ಬೆಳಿಗ್ಗೆ ಎರಡು ಬಿಂದಿಗೆ ನೀರು ಹೊತ್ತು ತಂದದ್ದನ್ನು ಅವನು ಕಣ್ಣಾರೆ ನೋಡಿದ್ದ.

ಇಲ್ಲೇನೋ ಮಸಲತ್ತು ನಡೆಯುತ್ತಿದೆ ಎಂದು ಟೈಲರನ ಮೂಗಿಗೆ ಹೊಡೆಯಿತು. ನನ್ನ ಮನೆಯ ಮೊಟ್ಟೆ ತಿಂದು ಕಟಿಂಗ್ ಶಾಪಿನವನ ಮಗಳನ್ನು ಆಡಿಸುತ್ತಾಳೆ ಅಂದರೆ ಅವನು ಏನನ್ನೋ ಕೊಟ್ಟಿರಲೇಬೇಕು! ಕೋಚಮ್ಮ ಸ್ನಾನಕ್ಕೆ ಹೋದಾಗ ಆಕೆಯ ಬ್ಯಾಗು ತಡಕಿದ. ಎರಡು ಜೊತೆ ಬಟ್ಟೆ, ಮಂಡಿಗೆ ಸುತ್ತುವ ಪಟ್ಟಿ, ಯಾವುದೋ ಶಾಲೆಯಿಂದ ಬಂದ ಒಂದು ಕಾಗದ. ಓದುವಷ್ಟರಲ್ಲಿ ಬಚ್ಚಲಲ್ಲಿ ನೀರು ನಿಂತಿತು, ಇಟ್ಟುಬಿಟ್ಟ. ಒಂದು ಸಂಜೆ ಅಂಗಡಿ ಅರ್ಧ ಮುಚ್ಚಿ ಆಕೆಯ ಹಿಂದೆ ನಡೆದ. ಆಕೆ ಮೈದಾನದಿಂದ ನೇರ ಕಟಿಂಗ್ ಶಾಪಿಗೆ ಹೋದಳು. ಸಿಕ್ಕಿಬಿದ್ದಳು ಎಂದುಕೊಂಡು ಇವನು ಎದುರಿನ ಸೈಕಲ್ ಅಂಗಡಿಯಲ್ಲಿ ಟ್ಯೂಬು ನೋಡುವವನ ಹಾಗೆ ನಿಂತ. ಸೈಕಲ್ಲೇ ಇಲ್ಲದವನು ಟ್ಯೂಬು ಹಿಡಿದು ನಿಂತರೆ ಅಂಗಡಿಯವನು ಎಷ್ಟು ಹೊತ್ತು ಸುಮ್ಮನಿರುತ್ತಾನೆ? ಐದು ನಿಮಿಷಕ್ಕೆ ಆಕೆ ಹೊರಗೆ ಬಂದಳು. ಕೂದಲು ಗಿಡ್ಡವಾಗಿತ್ತು, ಅಷ್ಟೇ. ಇವನ ಕೈಗೆ ಬೇಡದ ಟ್ಯೂಬೊಂದು ಬಂದಿತ್ತು.

ಮನೆಯಲ್ಲಿ ಹೆಂಡತಿ ಗುಂಡಿ ಹಚ್ಚುತ್ತ ಕೂತಿದ್ದಳು. ಟ್ಯೂಬು ನೋಡಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ರೀ, ನೀವು ಕಟಿಂಗ್ ಶಾಪಿನವರ ಹಿಂದೆ ಬಿದ್ದಿದೀರ. ನಾನು ಬೇರೇನೇ ಯೋಚಿಸ್ತಿದೀನಿ. ಮಳೆಗಾಲದಲ್ಲಿ ಇವ್ರು ಬೇಕರಿಯವರ ಮನೇಲಿದ್ರಲ್ಲ? ಆ ತಿಂಗಳು ಬೇಕರಿ ಹುಡುಗಿ ಒಂದು ಮ್ಯಾಚೂ ಆಡಲಿಲ್ಲ."

"ಅವಳಿಗೆ ಮಂಡಿ ಉಳುಕಿತ್ತು ಕಣೇ."

"ಉಳುಕಿತ್ತಂತೆ. ನರ್ಸಮ್ಮನ ಮನೇಲಿದ್ದಾಗ ನರ್ಸಮ್ಮನ ಮಗಳಿಗೆ ಜ್ವರ. ತಿಂಗಳಿಡೀ ಜ್ವರ ಬಂದೋಳು ಒಂದು ದಿನಾನೂ ಕ್ಲಾಸು ತಪ್ಪಿಸಲಿಲ್ಲ. ಈಗ ನಮ್ಮೋಳಿಗೆ ಭುಜ."

ಟೈಲರ್ ಎರಡು ವರ್ಷದ ಮನೆಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿದ. ಮೊದಮೊದಲ ಒಂದೆರಡು ಮನೆ ಬಿಟ್ಟರೆ ಎಲ್ಲಿಯೂ ತಪ್ಪಿರಲಿಲ್ಲ. ಆಕೆ ಯಾರ ಮನೆಯಲ್ಲಿದ್ದಳೋ ಅವರ ಮಗಳು ಆ ತಿಂಗಳು ಬೆಂಚಿನ ಮೇಲೆ.

ಫೈನಲ್‌ಗೆ ಎರಡು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ, ಕೋಚಮ್ಮ ಊಟ ಮುಗಿಸಿ ತಟ್ಟೆ ತೊಳೆದಿಡುವಾಗ ಅವನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ.

"ಮೇಡಂ, ಸುತ್ತು ಬಳಸಿ ಕೇಳಲ್ಲ. ಉಣ್ಣೋ ಮನೆ ಹುಡುಗೀನ ಯಾಕೆ ಕೂರಿಸ್ತೀರ?"

ಆಕೆ ತಟ್ಟೆ ಒರೆಸಿ ಜಾಗದಲ್ಲಿಟ್ಟಳು. "ಗೊತ್ತಾಯ್ತಾ? ಹುಡುಗೀರು ಬಾಯಿ ಬಿಟ್ಟಿರಲ್ಲ, ಅವರು ನನಗೆ ಮಾತು ಕೊಟ್ಟಿದಾರೆ. ನೀವೇ ಕಂಡುಹಿಡಿದ್ರಿ ಅನ್ನಿ."

"ಯಾಕೆ ಅಂತ ಕೇಳ್ದೆ."

"ನಾನು ಬಂದ ವರ್ಷ ಒಂದು ಮಾತು ಕಿವಿಗೆ ಬಿತ್ತು. ಯಾರ ಮನೇಲಿ ತಟ್ಟೆಯೋ ಅವರ ಮಗಳಿಗೆ ಜರ್ಸಿ, ಅಂತ. ಊರೆಲ್ಲ ನಕ್ಕಿತ್ತಂತೆ. ಅವತ್ತೇ ಊರು ಬಿಡೋಕೆ ಗಂಟುಮೂಟೆ ಕಟ್ಟಿದ್ದೆ. ಹೆಡ್‌ಮೇಡಂ ಬಿಡಲಿಲ್ಲ. ಸರಿ, ಇರ್ತೀನಿ, ಆದ್ರೆ ನಾನು ಎಲ್ಲಿವರೆಗೂ ಒಂದು ಮನೇಲಿ ಉಣ್ತೀನೋ ಅಲ್ಲಿವರೆಗೂ ಆ ಮನೆ ಹುಡುಗಿ ಮ್ಯಾಚ್ ಆಡಲ್ಲ ಅಂತ ನಾನೇ ಒಂದು ನಿಯಮ ಮಾಡ್ಕೊಂಡೆ. ಆಗ ಯಾರೂ ಬೆರಳು ತೋರಿಸಂಗಿಲ್ಲವಲ್ಲ."

"ಆ ಮಾತು ಅಂದದ್ದು ಯಾರು?"

"ನಾನು ಕೇಳಲಿಲ್ಲ. ಕೇಳಿದ್ರೆ ಆಮೇಲೆ ಆ ಮನೇಲಿ ಊಟ ಗಂಟಲಲ್ಲಿ ಇಳಿಯಲ್ಲ."

ಯಾರಂದದ್ದು ಎಂದು ಟೈಲರನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಹಿಂದೆ ತನ್ನದೇ ಅಂಗಡಿಯಲ್ಲಿ, ಆಗ ಕೋಚಮ್ಮನನ್ನು ಇಟ್ಟುಕೊಂಡಿದ್ದ ಬೇಕರಿಯವರ ಹುಡುಗಿಯ ಜರ್ಸಿ ಕತ್ತರಿಸುತ್ತ, ಕಾಯುತ್ತಿದ್ದ ನಾಲ್ಕು ಗಿರಾಕಿಗಳನ್ನು ನಗಿಸಲೆಂದು ತಾನೇ ಆಡಿದ ಮಾತು. ಅವರು ನಕ್ಕರು. ಇವನಿಗೂ ಹಿಗ್ಗಾಗಿ ಇನ್ನೂ ನಾಲ್ಕು ಜನರೆದುರು ಅದನ್ನೇ ಆಡಿದ್ದ.

ಚಪ್ಪಲಿ ಮೆಟ್ಟಿಕೊಂಡು ನೇರ ಕಟಿಂಗ್ ಶಾಪಿಗೆ ಹೋದ. ಹೋಗುವ ದಾರಿಯಲ್ಲಿ ಕತ್ತೆತ್ತಿ ಅವನ ಮನೆಯ ಛಾವಣಿ ನೋಡಿದ. ಒಂದು ಹೆಂಚು ಅಲುಗಿರಲಿಲ್ಲ.

"ಈ ಎರಡು ದಿನ ಮೇಡಂನ ನೀನು ಇಟ್ಕೋ. ನಿನ್ನದೇ ಸರದಿ."

ಕಟಿಂಗ್ ಶಾಪಿನವನು ಕತ್ತಿ ಮಸೆಯುವುದನ್ನು ನಿಲ್ಲಿಸಲಿಲ್ಲ. "ಬದಲಾಯಿಸಿಕೊಂಡಿದ್ದು ಬದಲಾಯಿಸಿಕೊಂಡಂಗೆ ಅಣ್ಣಾ. ಮಾತು ಅಂದ್ರೆ ಮಾತು."

"ನಿನಗೆ ಗೊತ್ತಿತ್ತು! ಗೊತ್ತಿದ್ದೇ ನನ್ನ ತಲೆಗೆ ಕಟ್ಟಿದೆ!"

"ಎಲ್ಲರಿಗೂ ಗೊತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ. ಎರಡು ವರ್ಷ ಮೇಡಂನ ಮನೆಗೆ ಕರೆದಿದ್ರೆ ತಾನೇ ಗೊತ್ತಾಗೋದು?"

ಬೇಕರಿಯವನು, "ಬೇರೆ ಯಾವ ವಾರ ಆದ್ರೂ ಸರಿ, ಈ ವಾರ ಒಂದು ಬೇಡಪ್ಪ" ಎಂದ. ನರ್ಸಮ್ಮ ಬಾಗಿಲನ್ನು ಅರ್ಧವೇ ತೆರೆದಳು. ಯಾರ ಮನೆಯಲ್ಲೂ ಕೋಚಮ್ಮನಿಗೆ ಜಾಗವಿರಲಿಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಒಬ್ಬ ಮಗಳಿದ್ದಳು. ಮರಳಿ ಬರುವಾಗ ಟೈಲರನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಸಂಜೆ ಬೀದಿಯಲ್ಲಿ ಜನ ಇರುವ ಹೊತ್ತು ನೋಡಿ ಅವನು ಆ ಕೆಲಸ ಮಾಡಿದ. ಹೌದು, ಹೊತ್ತು ನೋಡಿಯೇ. ಒಳಗೊಳಗೆ ಕಳಿಸಿದರೆ ಆಕೆ ಇಲ್ಲೇ ಉಣ್ಣುತ್ತಿದ್ದಾಳೆ ಎಂದು ನಾಳೆ ಯಾರಾದರೂ ಅಂದರೆ? ಬ್ಯಾಗನ್ನು ತಂದು ಮೆಟ್ಟಿಲ ಮೇಲಿಟ್ಟ, ಬೂಟುಗಳನ್ನು ಪಕ್ಕದಲ್ಲಿಟ್ಟ, ಎದುರುಮನೆಯವರಿಗೂ ಕೇಳುವ ಹಾಗೆ ಗಂಟಲೇರಿಸಿದ.

"ಮೇಡಂ, ಇವತ್ತಿಂದ ನಮ್ಮನೇಲಿ ನಿಮಗೆ ಊಟ ಇಲ್ಲ! ಜಾಗಾನೂ ಇಲ್ಲ! ಸಾಕಾಯ್ತು ನಮಗೆ!"

ಕಿಟಕಿಗಳು ತೆರೆದವು. ಒಳಗೆ ಹೆಂಡತಿ, "ಅಯ್ಯೋ, ಏನ್ರೀ ಇದು!" ಎಂದು ಬಾಯಿಗೆ ಸೆರಗು ಹಿಡಿದಳು. ಕೋಚಮ್ಮ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಲೇಸು ಕಟ್ಟಿಕೊಂಡಳು. ಎದ್ದು ಬ್ಯಾಗು ಹೆಗಲಿಗೇರಿಸಿ ಅವನಿಗೆ ಮಾತ್ರ ಕೇಳುವಂತೆ ಹೇಳಿದಳು.

"ಭಾನುವಾರ ಎಂಟು ಗಂಟೆಗೆ ಮಗಳನ್ನ ಕಳಿಸಿ. ಗ್ಲೌಸ್ ಮರೀಬಾರದು."

ಟೈಲರನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ಒಂದು ಮೂಲೆಯಲ್ಲಿ ಸಂತೋಷವೂ ಆಯಿತು, ಸುಳ್ಳೇಕೆ.

ಆಕೆ ಮೈದಾನದ ಅಂಚಿನಲ್ಲಿ ಚೆಂಡು, ಬಲೆ ಇಡುವ ಕೋಣೆಯಲ್ಲಿ ಉಳಿದಳು. ಶನಿವಾರ ಹೆಂಡತಿ ಗಂಡನನ್ನು ಒಂದು ಮಾತೂ ಕೇಳದೆ ಡಬ್ಬಿ ಕಟ್ಟಿ ಮಗಳ ಕೈಯಲ್ಲಿ ಕಳಿಸಿದಳು. ಅರ್ಧ ಗಂಟೆಗೆ ಡಬ್ಬಿ ಹಾಗೇ ವಾಪಸು ಬಂತು.

"ತಿಂದ್ರೆ ನಾಳೆ ನೀನು ಕೂತ್ಕೋಬೇಕಾಗತ್ತೆ ಅಂದ್ರು" ಎಂದಳು ಮಗಳು. "ನಾನು ಕೂತ್ಕೋತೀನಿ ಮಿಸ್, ನೀವು ತಿನ್ನಿ ಅಂದೆ. ಬೈದು ಕಳಿಸಿದ್ರು." ಅಪ್ಪನ ಕಡೆ ಅವಳು ನೋಡಲಿಲ್ಲ. ಬೇರೆ ಮನೆಗಳಿಂದಲೂ ಏನೂ ಹೋಗುವಂತಿರಲಿಲ್ಲ. ಕೋಚಮ್ಮ ಕಾಸು ಕೊಟ್ಟು ಕೊಂಡ ಬ್ರೆಡ್ಡು ಮತ್ತು ನಲ್ಲಿಯ ನೀರಿನಲ್ಲಿ ಎರಡು ದಿನ ಕಳೆದಳು.

ಭಾನುವಾರ ಮಗಳು ಗೋಲಿನಲ್ಲಿ ನಿಂತಳು. ಏನು ಆಡಿದಳು ಅಂತೀರಿ! ಬಲಕ್ಕೆ ಹಾರಿ ಒಂದು, ಎಡಕ್ಕೆ ಬಿದ್ದು ಒಂದು, ಕೊನೆಗೆ ಎದುರಿಗೆ ಒಬ್ಬಳೇ ನುಗ್ಗಿ ಬಂದವಳ ಕಾಲಿಂದಲೇ ಚೆಂಡು ಕಿತ್ತು ಎದೆಗವುಚಿಕೊಂಡಳು. ಮೇಲಿನಿಂದ ಬಂದವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಪ್ರತಿ ಸಲವೂ ಮಗಳು ನೋಡಿದ್ದು ಕೋಚಮ್ಮನ ಕಡೆಗೆ. ಆಕೆ ಗೆರೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಬ್ಯಾಗು.

ಹಿಂದಿನ ಬೆಂಚಿನಿಂದ ಕಟಿಂಗ್ ಶಾಪಿನವನು ಬಗ್ಗಿದ. "ಅಲ್ಲಣ್ಣಾ, ಶುಕ್ರವಾರ ಬೀದೀಲಿ ನಾಟಕ, ಭಾನುವಾರ ಮಗಳು ಗೋಲಲ್ಲಿ. ಭಲೇ! ಆ ಹೆಂಗಸಿಗೆ ಕೊಟ್ಟಿದ್ದೆಷ್ಟು?"

"ಏನೂ ಕೊಟ್ಟಿಲ್ಲ. ನಿಜವಾಗ್ಲೂ ಹೊರಗೆ ಹಾಕ್ದೆ. ಅನ್ನಾನೂ ಕೊಡದೆ ಹೊರಗೆ ಹಾಕ್ದೆ." ಟೈಲರ್ ಪೂರ್ತಿ ಹಿಂದಕ್ಕೆ ತಿರುಗಿದ. "ತಟ್ಟೆ ಜರ್ಸಿ ಮಾತು ಮೊದಲು ಆಡಿದೋನೂ ನಾನೇ. ಎಲ್ಲಾ ನನ್ನಿಂದಲೇ ಆಗಿದ್ದು."

ಕಟಿಂಗ್ ಶಾಪಿನವನು ಪಕ್ಕದವರನ್ನು ಮೊಣಕೈಯಲ್ಲಿ ತಿವಿದು ಗಹಗಹಿಸಿ ನಕ್ಕ. "ಯಾರ ಕಿವಿಗೆ ಹೂವು ಇಡ್ತೀರ ಅಣ್ಣಾ!" ಪಕ್ಕದವರು ಆಚೆ ಪಕ್ಕದವರಿಗೆ ಹೇಳಿದರು. ಆ ಮಾತು ಬೆಂಚಿನಿಂದ ಬೆಂಚಿಗೆ ದಾಟಿ ಗೆರೆಯ ಕಡೆ ಹೋಗುತ್ತಿರುವುದನ್ನು ಟೈಲರ್ ನೋಡುತ್ತಲೇ ಇದ್ದ. ಕೋಚಮ್ಮ ಒಮ್ಮೆ ತಲೆ ತಿರುಗಿಸಿದಳು, ಮತ್ತೆ ಆಟದ ಕಡೆ ತಿರುಗಿದಳು.

ಗೆದ್ದರು. ಮಗಳ ಹೆಸರು ಆಯ್ಕೆಯಾಯಿತು. ಜನ ಹುಡುಗಿಯರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಕೋಚಮ್ಮ ಕಾಣಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋದಳು ಎಂದು ಯಾರೋ ಅಂದರು. ಟೈಲರ್ ಮನೆಗೆ ಓಡಿದ. ಹೆಂಡತಿ ಆಗಲೇ ಡಬ್ಬಿ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅದನ್ನು ಹಿಡಿದು ಏದುಸಿರು ಬಿಡುತ್ತ ಬಸ್ ಸ್ಟ್ಯಾಂಡಿಗೆ ಹೋದ.

ಕೋಚಮ್ಮ ಕಿಟಕಿಯ ಪಕ್ಕ ಕೂತಿದ್ದಳು. "ಬೇರೆ ಶಾಲೆಯಿಂದ ಕಾಗದ ಬಂದು ತಿಂಗಳಾಯ್ತು" ಎಂದಳು. "ಸಂಬಳ ಇಲ್ಲಿಗಿಂತ ಕಡಿಮೇನೇ. ಆದ್ರೆ ಒಂದು ರೂಮು ಕೊಡ್ತಾರಂತೆ, ಸ್ಟೌ ಇಟ್ಕೋಬಹುದಂತೆ. ಫೈನಲ್ ಮುಗೀಲಿ ಅಂತ ಕಾದಿದ್ದೆ."

ಟೈಲರ್ ಕಿಟಕಿಯೊಳಗೆ ಡಬ್ಬಿ ಚಾಚಿದ. "ತಪ್ಪಾಯ್ತು ಮೇಡಂ. ಆ ಮಾತು ಆಡಿದೋನು..."

"ಬೇಡ. ಹೇಳ್ಬೇಡಿ. ನಿಮ್ಮನೇಲಿ ಮೂರು ವಾರ ಉಂಡಿದೀನಿ."

"ಹಂಗಿದ್ರೆ ಇದನ್ನಾದ್ರೂ ತಗೊಳ್ಳಿ. ಮ್ಯಾಚ್ ಮುಗೀತಲ್ಲ, ಈಗೇನು ಅಡ್ಡಿ?"

ಕೋಚಮ್ಮ ಡಬ್ಬಿಯನ್ನು ನೋಡಿದಳು. ಬಿಸಿ ಊಟದ ವಾಸನೆ ಬರುತ್ತಿತ್ತು. ಆಕೆ ಒಮ್ಮೆ ಉಗುಳು ನುಂಗಿದ್ದು ಅವನಿಗೆ ಕಾಣಿಸಿತು.

"ಈಗ ತಗೊಂಡ್ರೆ, ಆಡಿಸಿದ್ದಕ್ಕೆ ಕೊಟ್ರು ಅಂತಾರೆ. ನಿಮ್ಮ ಮಗಳು ಆ ಹೆಸರು ಹೊತ್ಕೊಂಡು ಹಾಸ್ಟೆಲ್‌ಗೆ ಹೋಗೋದು ಬೇಡ."

ಬಸ್ಸು ಹೊರಟಿತು. ಟೈಲರ್ ನಡೆದೇ ಮನೆಗೆ ಬಂದ. ಮಗಳು ಇನ್ನೂ ಜರ್ಸಿಯಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು, ಕೋಚಮ್ಮ ಲೇಸು ಕಟ್ಟಿಕೊಂಡಿದ್ದ ಅದೇ ಮೆಟ್ಟಿಲು.

"ಮಿಸ್ ಊಟ ತಗೊಂಡ್ರಾ ಅಪ್ಪ?"

"ಹೂಂ" ಎಂದ ಅವನು.

ಮಗಳು ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಭಾರ ನೋಡಿದಳು. ಒಳಗೆ ಒಯ್ದು ಅಮ್ಮನ ಮುಂದೆ ಇಟ್ಟಳು.