ಮೂತಿಯಿಂದ ಬಾಲದವರೆಗೆ ಒಂದೇ ಗೆರೆ

ಗೆರೆ ಮೇಷ್ಟ್ರ ಕಣ್ಣಿಗೆ ಬಿದ್ದ ವಿಮಾನ ಯಾವುದೂ ಮಾನ ಉಳಿಸಿಕೊಂಡು ಷೆಡ್ಡಿಗೆ ಮರಳಿದ್ದಿಲ್ಲ. ಊರಾಚೆಯ ಹುಲ್ಲು ಮೈದಾನದಲ್ಲಿ ಭಾನುವಾರ ಸೇರುತ್ತಿದ್ದವರೆಲ್ಲ ತಮ್ಮ ವಿಮಾನವನ್ನು ತಾವೇ ಕೈಯಾರೆ ಕಟ್ಟಿಕೊಂಡವರು. ಹಲ್ಲಿನ ಡಾಕ್ಟರು, ಬಸ್ ಡ್ರೈವರು, ಬಟ್ಟೆಯ ಬೀರು ಮಾಡುವವನು, ಹೀಗೆ. ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸಿ ನಿವೃತ್ತರಾದ ಮೇಷ್ಟ್ರು, ಪರೀಕ್ಷೆಯಲ್ಲಿ ನಕಲು ಹುಡುಕುವವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೂ ಸುತ್ತು ಹಾಕುತ್ತಿದ್ದರು.

"ಏನ್ ಡಾಕ್ಟರೇ, ಮೂತಿ ಒಬ್ಬ ತಾಯಿ ಮಗು, ಬಾಲ ಇನ್ನೊಬ್ಬಳದು? ಮಧ್ಯದಲ್ಲಿ ಸೇರ್ಸಿದ್ದೀರಲ್ಲ, ಪಾಪ, ಎರಡಕ್ಕೂ ಮಾತುಕತೆನೇ ಇಲ್ಲ."

ಡಾಕ್ಟರು ಹಲ್ಲು ಕಚ್ಚಿಕೊಂಡರು. ಡ್ರೈವರನ ವಿಮಾನದ ಚಕ್ರಗಳನ್ನು ನೋಡಿ ಮೇಷ್ಟ್ರು, "ಗದ್ದೆಗೆ ಇಳಿಯೋಕೆ ಪಂಚೆ ಎತ್ತಿಕೊಂಡ ಹಾಗಿದೆ," ಎಂದರು.

ಬೀರು ಮಾಡುವವನ ವಿಮಾನದ ಎದುರು ಬಂದಾಗ ಮಾತ್ರ ಮೇಷ್ಟ್ರಿಗೆ ಬೈಗುಳವೂ ದಂಡ ಅನ್ನಿಸುತ್ತಿತ್ತು. ಅದು ನಾಲ್ಕೂ ಕಡೆ ಚೌಕ. ಎತ್ತರದ ಮಾಡು, ಪಕ್ಕದಲ್ಲಿ ಕೀಲು ಹಾಕಿದ ಅಗಲ ಬಾಗಿಲು, ಬಾಗಿಲಿಗೆ ಸಾಕ್ಷಾತ್ ಬೀರುವಿನದೇ ಹಿಡಿ.

"ಬಟ್ಟೆ ಮಡಿಸಿಡೋಕೆ ಅಡ್ಡಹಲಗೆ ಎಲ್ಲಯ್ಯಾ?"

"ಸೀಟಿನ ಹಿಂದಿದೆ ಮೇಷ್ಟ್ರೇ!" ಎಂದು ಅವನು ಹೊಟ್ಟೆ ಕುಣಿಸಿ ನಕ್ಕ. "ನಿಮ್ಮನ್ನೂ ಮಡಿಸಿ ಇಡ್ಬಹುದು, ಬನ್ನಿ."

ಇಂಥವರ ಜೊತೆ ಏನು ಮಾತು? ಮೇಷ್ಟ್ರು ತಮ್ಮ ವಿಮಾನದ ಬಳಿಗೆ ತಿರುಗಿದರು. ಅಜ್ಜಿ ಕತೆಯ ರಾಕ್ಷಸ ತನ್ನ ಪ್ರಾಣವನ್ನು ಗಿಳಿಯೊಳಗೆ ಬಚ್ಚಿಡುತ್ತಾನಲ್ಲ, ಮೇಷ್ಟ್ರು ತಮ್ಮದನ್ನು ಒಂದು ಗೆರೆಯಲ್ಲಿ ಇಟ್ಟಿದ್ದರು. ಮೂತಿಯಲ್ಲಿ ಹುಟ್ಟಿ, ಸೀಟುಗಳನ್ನು ಮುಚ್ಚುವ ಗಾಜಿನ ಮುಚ್ಚಳದ ಮೇಲೆ ಮೆಲ್ಲನೆ ಏರಿ, ಬೆನ್ನಿನುದ್ದಕ್ಕೂ ಜಾರಿ ಬಾಲದ ತುದಿಯಲ್ಲಿ ಕರಗುವ ಗೆರೆ. ನೋಡುವ ಕಣ್ಣು ಎಲ್ಲಿಯೂ ಎಡವಬಾರದು. ಎಡವಿದರೆ ಅದು ವಿಮಾನವಲ್ಲ, ರೆಕ್ಕೆ ಹಚ್ಚಿದ ಸಾಮಾನು. ಆ ಬೆನ್ನನ್ನು ನುಣುಪು ಮಾಡಿದ್ದು ಅವರ ಹೆಂಡತಿ. ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಇರುವ ನರ್ಸು, ಮನೆಗೆ ಬಂದು ಮತ್ತೆ ನಿಂತು ಸ್ಯಾಂಡ್‌ಪೇಪರ್ ಹಿಡಿದು ವರ್ಷಗಟ್ಟಲೆ ಉಜ್ಜಿದ್ದಳು. ಮುಗಿದ ಮೇಲೆ ಹಿಂದಿನ ಸೀಟು ಅವಳದು ಎಂದು ಮಾತಾಗಿತ್ತು. ಅವಳು ಬೇರೇನನ್ನೂ ಕೇಳಿರಲಿಲ್ಲ.

ಇಂದು ಆ ದಿನ. ಒಬ್ಬರೇ ಹಾರಿ ತೋರಿಸಬೇಕಾದ ಅವಧಿ ಮುಗಿದು, ಇನ್ನೊಬ್ಬರನ್ನು ಕೂರಿಸಿಕೊಳ್ಳಲು ಅನುಮತಿ ಬಂದಿತ್ತು. ಮೇಷ್ಟ್ರು ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿದ್ದರು. ಚೆಂದ ಅಂದರೇನು ಎಂದು ಈ ಜನ ಸಾಯುವುದರೊಳಗೆ ಒಮ್ಮೆಯಾದರೂ ನೋಡಲಿ.

ಹೆಂಡತಿ ಕೂದಲು ಬಿಗಿದು ಕಟ್ಟಿ, ರೆಕ್ಕೆಯ ಮೇಲೆ ಹೆಜ್ಜೆಯಿಟ್ಟು, ಹಿಂದಿನ ಸೀಟಿಗೆ ಇಳಿದಳು. ಮೇಷ್ಟ್ರು ಗಾಜಿನ ಮುಚ್ಚಳ ಎಳೆದರು. ಅದು ಅವಳ ನೆತ್ತಿಗೆ ತಗುಲಿ ನಿಂತಿತು.

"ಸ್ವಲ್ಪ ಕೆಳಗೆ ಜಾರು."

"ಮೊಣಕಾಲು ನಿಮ್ಮ ಸೀಟಿಗೆ ಒತ್ತುತ್ತಿದೆ ರೀ. ಇನ್ನೆಲ್ಲಿಗೆ ಜಾರಲಿ?"

"ಹಾಗಾದ್ರೆ ತಲೆ ಬಗ್ಗಿಸು."

ಬಗ್ಗಿಸಿದಳು. ಗದ್ದ ಎದೆಗೆ ತಾಗಿತು. ಆಗಲೂ ಮುಚ್ಚಳ ಕೂರಲಿಲ್ಲ.

ಆದದ್ದು ಇಷ್ಟು. ನಕ್ಷೆಯಲ್ಲಿ ಹಿಂದಿನ ಸೀಟಿನ ಜಾಗದಲ್ಲಿ ಮೇಷ್ಟ್ರು ಹೆಂಡತಿಯ ತಲೆಗೆಂದು ಒಂದು ಸೊನ್ನೆ ಬರೆದಿದ್ದರು. ಗೆರೆ ಆ ಸೊನ್ನೆಯ ಮೇಲೆ ಹಾದಾಗ ಗೂನು ಬೆನ್ನಿನಂತೆ ಉಬ್ಬಿತು. ಸೊನ್ನೆಯನ್ನು ಅಳಿಸಿ ಚಿಕ್ಕದು ಮಾಡಿದರು. ಇನ್ನೂ ಉಬ್ಬು. ಮತ್ತೂ ಚಿಕ್ಕದು ಮಾಡಿ ಕೆಳಗೆ ತಳ್ಳಿದರು. ಗೆರೆ ಬೆಣ್ಣೆಯಾಯಿತು. ಕಾಗದದ ಮೇಲಿನ ಹೆಂಡತಿ ತುಟಿಪಿಟಕ್ಕೆನ್ನಲಿಲ್ಲ. ಷೆಡ್ಡಿನಲ್ಲಿ ಅವಳು, "ಒಂದ್ಸಲ ಕೂತು ನೋಡ್ಲಾ?" ಎಂದು ಕೇಳಿದಾಗಲೆಲ್ಲ ಬಣ್ಣ ಹಸಿಯಿರುತ್ತಿತ್ತು. ಹಾರಾಟದ ಪರೀಕ್ಷೆಯಲ್ಲಿ ತೂಕಕ್ಕೆಂದು ಆ ಸೀಟಿನಲ್ಲಿ ಮರಳಿನ ಚೀಲ ಕೂತಿತ್ತು. ಮರಳಿನ ಚೀಲಕ್ಕೆ ಕುತ್ತಿಗೆಯ ತಾಪತ್ರಯವಿಲ್ಲ.

"ತಲೆ ಪಕ್ಕಕ್ಕೆ ವಾಲಿಸಿ ಕೂತ್ಕೊ," ಎಂದರು ಮೇಷ್ಟ್ರು ಪಿಸುಮಾತಿನಲ್ಲಿ. ಬೆವರು ಕನ್ನಡಕಕ್ಕಿಳಿಯುತ್ತಿತ್ತು. "ಜನ ನೋಡ್ತಿದ್ದಾರೆ ಕಣೆ. ಹತ್ತು ನಿಮಿಷದ ಮಾತು. ಇಷ್ಟುದ್ದ ಯಾಕೆ ಬೆಳೆದೆ ನೀನು?"

"ಮದುವೆ ಆದ್ಮೇಲೆ ಬೆಳೆದಿಲ್ಲ ರೀ."

ಡ್ರೈವರು ಕೆಮ್ಮಿದ. ಡಾಕ್ಟರು ಆಕಾಶ ನೋಡಿದರು.

"ಗಾಜು ಸ್ವಲ್ಪ ಎತ್ತರಿಸಿದ್ರೆ ಆಗುತ್ತಲ್ಲಾ?" ಎಂದು ಅವಳು ಒಳಗಿನಿಂದಲೇ ಕೇಳಿದಳು.

"ಎತ್ತರಿಸೋದಾ? ಗೂನು ಬರುತ್ತೆ! ಈ ಬೀರು ನನ್ಮಕ್ಕಳ ವಿಮಾನಕ್ಕೂ ನಂದಕ್ಕೂ ಆಮೇಲೆ ಏನು ವ್ಯತ್ಯಾಸ?"

ಅವಳು ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಜ್ವರ ನೋಡಿ ಚೀಟಿಯಲ್ಲಿ ಬರೆದುಕೊಳ್ಳುವಾಗಿನ ನೋಟ ಅದು. ಕೈಯೂರಿ ಎದ್ದಳು, ರೆಕ್ಕೆಯಿಂದ ಇಳಿದಳು, ಹುಲ್ಲು ದಾಟಿ ನೇರ ನಡೆದಳು.

"ಅಣ್ಣಾ, ನಿಮ್ಮ ಬೀರುನಲ್ಲಿ ಜಾಗ ಇದೆಯಾ?"

"ಟೋಪಿ ಹಾಕ್ಕೊಂಡು ಕೂತ್ರೂ ಮಾಡು ತಾಗಲ್ಲ, ಬನ್ನಿ ಸಿಸ್ಟರಕ್ಕ!" ಅವನು ಹಿಡಿ ತಿರುಗಿಸಿ ಬಾಗಿಲು ತೆರೆದ.

"ಲೇ, ಅದರಲ್ಲಿ ಕೂತು ನನ್ನ ಮರ್ಯಾದೆ ತೆಗೀಬೇಡ!" ಮೇಷ್ಟ್ರು ಕೂಗಿದರು. ಎಂಜಿನ್ನಿನ ಸದ್ದು ಆ ಕೂಗನ್ನು ನುಂಗಿತು. ಚೌಕದ ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿ, ಯಾವ ಬಿಂಕವೂ ಇಲ್ಲದೆ ಮೇಲೆದ್ದಿತು.

ಅದು ಮರಗಳ ಮೇಲೆ ಸುತ್ತು ಹೊಡೆಯುವಷ್ಟೂ ಹೊತ್ತು ಮೇಷ್ಟ್ರು ಪಾಠ ಮಾಡಿದರು. "ಆ ಬಾಲ ನೋಡ್ರಯ್ಯಾ. ಮಾಡೋದು ಮರೆತು ಕೊನೇ ಗಳಿಗೆಯಲ್ಲಿ ಅಂಟಿಸಿದ್ದು. ಆ ಕಿಟಕಿ! ಹಾರ್ತಿದೆಯಾ ಅದು? ಯಾರೋ ಎಸೆದಿದ್ದಾರೆ ಅಷ್ಟೆ." ಕೇಳಲು ಯಾರೂ ಇರಲಿಲ್ಲ. ಎಲ್ಲರೂ ಕತ್ತೆತ್ತಿ ಕೈ ಬೀಸುತ್ತಿದ್ದರು.

ವಿಮಾನ ಇಳಿಯಿತು. ಹೆಂಡತಿ ಹೊರಗೆ ಬಂದಾಗ ಕೂದಲು ಬಿಚ್ಚಿ ಕೆದರಿತ್ತು, ಕೆನ್ನೆ ಕೆಂಪೇರಿತ್ತು, ನಗು ತಡೆಯಲಾಗುತ್ತಿರಲಿಲ್ಲ. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಮೇಷ್ಟ್ರು ಕಂಡು ಎಷ್ಟೋ ಕಾಲವಾಗಿತ್ತು.

"ಆ ಡಬ್ಬದಲ್ಲಿ ಕೂರೋಕೆ ನಾಚಿಕೆ ಆಗ್ಲಿಲ್ವಾ ನಿಂಗೆ?"

"ಒಳಗೆ ಕೂತವರಿಗೆ ಡಬ್ಬ ಕಾಣಿಸಲ್ಲ ರೀ. ಹೊಳೆ ಕಾಣ್ಸುತ್ತೆ, ಆಸ್ಪತ್ರೆ ಮಾಡು ಕಾಣ್ಸುತ್ತೆ." ಅವಳು ಕೂದಲನ್ನು ಹಿಂದಕ್ಕೆ ತಳ್ಳಿದಳು. "ನಿಮ್ಮದೂ ಕಾಣಿಸ್ತು. ಮೇಲಿಂದ ಬಲು ಚೆಂದ. ಅಲ್ಲೇ ನಿಂತಿರೋಕೆ ಹೇಳಿ ಮಾಡಿಸಿದ ಹಾಗಿತ್ತು."

ಮೇಷ್ಟ್ರ ಮುಖ ಅರಳಿತು. "ಹೌದಾ? ಯಾವ ಕಡೆಯಿಂದ ನೋಡ್ದೆ? ಗೆರೆ ಪೂರ್ತಿ ಬಾಲದವರೆಗೆ ಕಾಣ್ತಿತ್ತಾ?"

ಅವಳು ಆಗಲೇ ಬೆನ್ನು ತಿರುಗಿಸಿ, ಪೆಟ್ರೋಲು ಇನ್ನೊಂದು ಸುತ್ತು ಹಾರಲು ಸಾಲುತ್ತದೆಯೇ ಎಂದು ಬೀರು ಮಾಡುವವನನ್ನು ವಿಚಾರಿಸುತ್ತಿದ್ದಳು.