ಎರಡು ವರ್ಷ ಹಿಂದಿದ್ದ ಕಂಪ್ಯೂಟರ್

ಸಂದರ್ಶನಕ್ಕೆ ಕಾಲು ಗಂಟೆಯಿದೆ ಎನ್ನುವಾಗ ಬ್ರೌಸರ್, 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂದು ತೋರಿಸಿತು. ಚಿಲಕ ಬೀಳದ ಬಾಗಿಲಿನ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳಿಗೆ ಅದು ಗೊತ್ತಿದ್ದ ಸಂಗತಿಯೇ.

ಪುಸ್ತಕ ಪ್ರಕಾಶಕರ ಬಳಿ ಕರಡು ತಿದ್ದುವ ಕೆಲಸ. ತಿದ್ದುವ ಪರೀಕ್ಷೆಯೂ ಇರುವುದರಿಂದ ಫೋನ್ ಸಾಲದು, ಕಂಪ್ಯೂಟರೇ ಬೇಕೆಂದಿದ್ದರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವಳನ್ನು ಕರೆದವರು ಇವರೊಬ್ಬರೇ. ಗಂಡನಿಗೆ ಫೋನ್ ಮಾಡಿದಳು.

"ರೂಟರ್ ಆಫ್ ಮಾಡಿ ಆನ್ ಮಾಡು." ತಲೆನೋವೆಂದರೂ ಅವನು ಮಲಗಿ ಏಳು ಎನ್ನುವವನೇ.

"ಮಾಡ್ದೆ. ಫೋನಲ್ಲಿ ನೆಟ್ ಚೆನ್ನಾಗೇ ಬರ್ತಿದೆ."

"ಹಾಗಾದ್ರೆ ಇನ್ನೊಂದ್ಸಲ ಮಾಡು."

ಅವಳು ಫೋನಿಟ್ಟು, ಯಾರೂ ಓದದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದಳು. ಕಂಪ್ಯೂಟರಿನ ಗಡಿಯಾರ ಹಿಂದಿದೆಯಂತೆ. ನೋಡಿದರೆ ಮೂಲೆಯಲ್ಲಿದ್ದದ್ದು ಎರಡು ವರ್ಷ ಹಿಂದಿನ ತಾರೀಖು.

"ಅತ್ತೆ, ಇದನ್ನ ಮುಟ್ಟಿದ್ರಾ?"

ಬಟ್ಟೆ ಮಡಚುತ್ತಿದ್ದ ಅತ್ತೆ, ಮಡಚಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದರು.

"ಇಸ್ಪೀಟಾಟ ಕಣೇ. ಪುಕ್ಕಟೆ ಆಡೋ ದಿನ ಮುಗೀತು, ದುಡ್ಡು ಕಟ್ಟಿ ಅಂತ ಬಾಯಿ ಬಡ್ಕೊಳ್ತಿತ್ತು. ತಾರೀಖು ಹಿಂದಕ್ಕೆ ಹಾಕ್ದೆ, ತೆಪ್ಪಗಾಯ್ತು. ಆಡಾದ್ಮೇಲೆ ದಿನಾ ಸರಿ ಮಾಡಿಡ್ತೀನಿ. ಇವತ್ತು ಆಟ ಅರ್ಧದಲ್ಲಿದೆ. ಗೆಲ್ಲೋ ಹಾಗಿದೆ."

"ಸರಿ ಮಾಡಿದ್ರೆ?"

"ಹೋಗುತ್ತೆ. ಇದುವರೆಗೂ ಒಂದ್ಸಲಾನೂ ಗೆದ್ದಿಲ್ಲ ನಾನು."

ಅವಳು ಆ ತಾರೀಖನ್ನೇ ನೋಡಿದಳು. ಆಗಿನ್ನೂ ಅತ್ತೆ ಬಿದ್ದು ಸೊಂಟ ಮುರಿದುಕೊಂಡಿರಲಿಲ್ಲ. ಅವರನ್ನು ನೋಡಿಕೊಳ್ಳಲೆಂದು ಇವಳು ಕೆಲಸ ಬಿಟ್ಟಿರಲಿಲ್ಲ. ಅಲ್ಲಿಯೇ ಇದ್ದುಬಿಟ್ಟರೆ ಹೇಗೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅಲ್ಲಿ ನೆಟ್ ಬರುವುದಿಲ್ಲ.

"ಏನು ಹಾಗೆ ಕಣ್ಣು ಬಿಟ್ಕೊಂಡು ಕೂತಿದೀಯ?" ಎಂದರು ಅತ್ತೆ. "ಒತ್ತು."

ಒತ್ತಿದಳು. ಇಸ್ಪೀಟೆಲೆಗಳು ಮಾಯವಾಗಿ ದುಡ್ಡು ಕೇಳುವ ಪೆಟ್ಟಿಗೆ ಬಂತು. ಅತ್ತೆ ಅದರತ್ತ ನೋಡಲಿಲ್ಲ. ಬಾಗಿಲೆಳೆದುಕೊಂಡು, ಹೊರಗೆ ಕುರ್ಚಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

ಪರದೆಯ ಮೇಲೆ ಕನ್ನಡಕದ ಹೆಂಗಸೊಬ್ಬಳು ಮೂಡಿ, "ಎರಡು ವರ್ಷದಿಂದ ಏನು ಮಾಡ್ತಿದ್ರಿ?" ಎಂದು ಕೇಳಿದಳು.

ಹೊರಗೆ ಅತ್ತೆಯ ಫೋನ್ ಬಡಿದುಕೊಂಡಿತು.

"ಹ್ಞೂಂ ಕಣಪ್ಪ, ಸರಿಹೋಯ್ತು. ಇಲ್ಲ, ಈಗ ಕೊಡೋಕಾಗಲ್ಲ. ಅವಳು ಕೆಲಸದಲ್ಲಿದಾಳೆ."