ಅಜ್ಜಿಯರ ಲಿನಕ್ಸ್

ನನ್ನ ಗಂಡ ವಾರ್ಡ್‌ನನ್ನು ಒಂದು ಪ್ರಶ್ನೆ ಕೇಳಿ ನೋಡಿ, ಉತ್ತರವೊಂದನ್ನು ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ. ಥಂಡರ್ ಬೇ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುವ ಲಿನಕ್ಸ್ ಕೂಟಕ್ಕೆ, ಅಂದರೆ ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕುವ ಪುಕ್ಕಟೆ ತಂತ್ರಾಂಶದ ಹುಚ್ಚರ ಸಂಘಕ್ಕೆ, ಅವನೇ ಯಜಮಾನ. ಕಾಫಿ ಮಾಡಿ, ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನು ಹಂಚುವವಳು ನಾನು, ಐಲಿ, ಇಬ್ಬರು ಮೊಮ್ಮಕ್ಕಳ ಅಜ್ಜಿ. ಆ ಮಹಾಪಂಡಿತರ ಗಡ್ಡಕ್ಕೆ ಮೆತ್ತಿದ ಸಕ್ಕರೆ ನೋಡಿ ನಗುವುದೇ ನನಗೆ ಸಿಗುವ ಸಂಬಳ.

ಆ ಶನಿವಾರ ಮಧ್ಯಾಹ್ನ ಜೊಲೀನ್ ಬಂದಳು. ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯುವ ಹುಡುಗಿ, ಕೈಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪ್.

"ಇದಕ್ಕೆ ಹೊಸ ವಿಂಡೋಸ್ ಹಾಕಕ್ಕಾಗಲ್ವಂತೆ. ಪುಕ್ಕಟೆ ಸಿಗೋ, ನನ್ನಂಥ ಹೊಸಬರಿಗೆ ಅರ್ಥ ಆಗೋ ಲಿನಕ್ಸ್ ಯಾವ್ದು ಹೇಳಿ. ನನ್ನ ಪ್ರೋಗ್ರಾಮ್ ಪೆನ್‌ಡ್ರೈವಲ್ಲಿದೆ, ಓಡ್ಸಿ ನೋಡಿ ಸಂಜೆ ಐದರೊಳಗೆ ಕಾಲೇಜಿಗೆ ಕಳಿಸ್ಬೇಕು. ಹೋದ್ಸಲ ಫೇಲಾಗಿದೀನಿ. ಈ ಸಲಾನೂ ಆದ್ರೆ ಕೋರ್ಸಿಂದ ತೆಗ್ದಾಕ್ತಾರೆ."

ಅವಳು ಕೇಳಿದ್ದು ಅಷ್ಟೇ. ಲಿನಕ್ಸ್‌ನಲ್ಲಿ ನೂರೆಂಟು ಜಾತಿ. ಕೂಟದ ಒಬ್ಬ ಉಬುಂಟು ಎಂದ, ಇನ್ನೊಬ್ಬ ಫೆಡೋರಾ ಎಂದ, ಇಬ್ಬರೂ ಕೋಳಿಜಗಳಕ್ಕೆ ಇಳಿದರು.

"ಕ್ಲಾಸಲ್ಲಿ ಯಾರೋ ಮಿಂಟ್ ಸುಲಭ ಅಂದ್ರು..." ಎಂದಳು ಜೊಲೀನ್, ಮೆಲ್ಲಗೆ.

ವಾರ್ಡ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಿಂಟಾ? ಅದು ಅಜ್ಜಿಯರ ಲಿನಕ್ಸ್ ಕಣಮ್ಮ! ಪ್ರೋಗ್ರಾಮರ್ ಆಗ್ಬೇಕಂದ್ರೆ ತಳಪಾಯದಿಂದ ಎಲ್ಲಾ ನಾವೇ ಕಟ್ಕೋಬೇಕು. ಕೊಡು ಇಲ್ಲಿ."

ಕೊಡುವ ಮೊದಲೇ ಕಿತ್ತುಕೊಂಡ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸುರಿಯತೊಡಗಿದವು. ಜಗಳವಾಡುತ್ತಿದ್ದವರೂ ಅದರ ಮೇಲೆ ಕವುಚಿಕೊಂಡರು. ನಾಲ್ಕು ಗಂಟೆಯಾದರೂ ವೈಫೈ ಬರಲಿಲ್ಲ.

"ಕಲಿಯೋದು ಅಂದ್ರೆ ಇದು!" ಎಂದು ಹಿಗ್ಗಿದ ವಾರ್ಡ್.

ಜೊಲೀನ್ ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ಸರ್, ನನ್ನ ಪ್ರೋಗ್ರಾಮು..."

"ಇರಮ್ಮ, ಇನ್ನೊಂಚೂರು."

ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದೆ.

"ವಾರ್ಡ್, ನಮ್ಮನೆ ಟ್ಯಾಕ್ಸ್ ಲೆಕ್ಕ ಯಾರ ಕಂಪ್ಯೂಟರಲ್ಲಿ ಮಾಡ್ತೀಯ?"

"ಐಲಿ, ಈಗ್ಯಾಕೆ ಅದೆಲ್ಲ..."

"ಹೇಳು."

ಗಡ್ಡಗಳೆಲ್ಲ ಅವನ ಕಡೆ ತಿರುಗಿದವು. "ನಿಂದ್ರಲ್ಲಿ," ಎಂದ.

"ನಿಂದ್ರಲ್ಲಿ ಯಾಕೆ ಮಾಡಲ್ಲ?"

"ನಂದು... ರಿಪೇರೀಲಿರುತ್ತೆ."

"ಯಾವಾಗ್ಲೂ! ನಂದಕ್ಕೆ ಮಿಂಟ್ ಹಾಕ್ದೋರು ಯಾರು?"

ವಾರ್ಡ್ ಕೀಬೋರ್ಡಿನ ಮೇಲೆ ಇನ್ನಷ್ಟು ಬಗ್ಗಿದ.

"ನೀನೇ! ಮನೇಲಿ ಒಂದಾದ್ರೂ ನೆಟ್ಟಗಿರ್ಲಿ ಅಂತ. ನಿಂಗಾದ್ರೆ ಅಜ್ಜೀದು ಆಗುತ್ತೆ, ಈ ಮಗು ಮಾತ್ರ ತಳಪಾಯ ತೋಡ್ತಾ ಫೇಲಾಗ್ಬೇಕಾ? ನಾಚ್ಕೆ ಆಗಲ್ವಾ ನಿಂಗೆ?"

ವಾರ್ಡ್‌ನ ಕಿವಿ ಕೆಂಪಾಯಿತು. ಜೇಬಿನಿಂದ ಮನೆಯ ಕೀಗೊಂಚಲು ತೆಗೆದು, ಅದರಲ್ಲಿ ನೇತಾಡುತ್ತಿದ್ದ ಪೆನ್‌ಡ್ರೈವ್ ಬಿಚ್ಚಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ. ಪರದೆಯ ಮೇಲೆ ಮಿಂಟ್‌ನ ಹಸಿರು ಗುರುತು ಮೂಡಿತು. ಇಷ್ಟು ವರ್ಷ ಅದನ್ನು ಹೊಟ್ಟೆಯೊಳಗಿನ ಗುಟ್ಟಿನ ಹಾಗೆ ಹೊತ್ತು ತಿರುಗಿದ್ದಾನೆ ಮಹಾರಾಯ!

ನನ್ನ ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿಯಿತು. ವೈಫೈ ತಾನಾಗಿಯೇ ಬಂತು. ಜೊಲೀನ್ ಪ್ರೋಗ್ರಾಮ್ ಓಡಿಸಿದಳು, ಒಂದು ತಪ್ಪು ಸಿಕ್ಕಿತು, ತಿದ್ದಿದಳು, ಕಳಿಸಿದಳು. ಗಡಿಯಾರ ಇನ್ನೂ ಐದು ಹೊಡೆದಿರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ವಾರ್ಡ್ ಗಂಟಲು ಸರಿಮಾಡಿಕೊಂಡ. "ಇದು ತಾತ್ಕಾಲಿಕ ಕಣಮ್ಮ. ಮುಂದಿನ ತಿಂಗ್ಳು ಬಾ, ಸರಿಯಾದ್ದು ಹಾಕ್ಕೊಡ್ತೀನಿ."

ಜೊಲೀನ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಗಾಬರಿಯಿಂದ ನನ್ನ ಕಡೆ ನೋಡಿದಳು.

"ಹೆದರ್ಕೋಬೇಡ," ಎಂದೆ. "ನಮ್ಮನೇದೂ ತಾತ್ಕಾಲಿಕಾನೇ. ಆರು ವರ್ಷ ಆಯ್ತು."